ಹರಿಶ್ಚಂದ್ರ ಕೋಟ್ಯಾನರ ಉಪ್ಪು

ಹರಿಶ್ಚಂದ್ರ ಕೋಟ್ಯಾನರು ಸಾಂಬಾರಿನ ಹದ ನೋಡುವುದನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಕು. ಕುದಿಯುವ ಪಾತ್ರೆಯಿಂದ ಸೌಟು ಎತ್ತಿ, ಅದನ್ನು ಎಡಗೈಗೆ ದಾಟಿಸಿ, ಬಲ ಅಂಗೈಯ ಗುಳಿಗೆ ನಾಲ್ಕು ಹನಿ ಬಿಟ್ಟುಕೊಂಡು, ಅದು ಸುಡುವ ವಸ್ತುವೆಂಬುದು ತಮಗೆ ಸಂಬಂಧಪಟ್ಟ ವಿಷಯವೇ ಅಲ್ಲವೆಂಬಂತೆ ನಿಧಾನವಾಗಿ ನೆಕ್ಕಿ, ಕಣ್ಣು ಮುಚ್ಚಿ ನಿಂತುಬಿಡುತ್ತಾರೆ. ಆಗ ಅಡಿಗೆಮನೆಯಲ್ಲಿ ಯಾರೂ ಪಾತ್ರೆ ಕುಕ್ಕಬಾರದು, ಯಾರೂ ಕೆಮ್ಮಬಾರದು. ಪುಣೆಯ ವಿಮಾನ ನಗರದ ಆಕಾಶದಲ್ಲಿ ಸರಿಯಾಗಿ ಅದೇ ಹೊತ್ತಿಗೆ ವಿಮಾನವೊಂದು ಹಾದುಹೋದರೆ ಅದರ ಮೇಲೂ ಅವರಿಗೆ ಸಿಟ್ಟು. ಕಣ್ಣು ತೆರೆದು ಗದ್ದ ಮೇಲೆತ್ತಿದರೆ ಸಾಂಬಾರು ಪಾಸು. ಗದ್ದ ಏಳದಿದ್ದರೆ ಕೈ ಉಪ್ಪಿನ ಭರಣಿಗೆ ಹೋಗುತ್ತದೆ. ಆ ಭರಣಿಗೆ ಬೇರೆ ಯಾರೂ ಕೈ ಹಾಕುವಂತಿಲ್ಲ. ಮೆಣಸು ಯಾರು ಬೇಕಾದರೂ ಹುರಿಯಲಿ, ಹುಳಿ ಯಾರು ಬೇಕಾದರೂ ಹಿಂಡಲಿ, ಉಪ್ಪು ಮಾತ್ರ ಒಂದೇ ಕೈಯಿಂದ ಬೀಳಬೇಕು, ಆ ಕೈ ತಮ್ಮದಾಗಿರಬೇಕು ಎಂಬುದು ಅವರು ಹೋಟೆಲು ತೆರೆದ ದಿನ ಮಾಡಿದ ಕಾನೂನು.

ನಾನು ವಿಜಯಪುರದ ಕಡೆಯವನು. ಅವರ ಹೋಟೆಲಿನ ಎದುರಿನ ಕಟ್ಟಡದಲ್ಲಿ ನನ್ನ ಕಚೇರಿ ಇರುವುದರಿಂದ ಹಲವು ವರ್ಷಗಳಿಂದ ಅಲ್ಲಿ ಬೆಳಗಿನ ತಿಂಡಿ ತಿನ್ನುತ್ತಾ ಬಂದವನು. ಕನ್ನಡ ಮಾತಾಡುವ ಗಿರಾಕಿ ಎಂಬ ಒಂದೇ ಕಾರಣಕ್ಕೆ ಅಡಿಗೆಮನೆಯ ಬಾಗಿಲತನಕ ಹೋಗಿ ನಿಲ್ಲುವ ಸಲುಗೆಯನ್ನು ಹರಿಶ್ಚಂದ್ರರು ನನಗೆ ಕೊಟ್ಟಿದ್ದರು. ಮನೆಯವರೊಡನೆ ತುಳು, ಗಿರಾಕಿಗಳೊಡನೆ ಮರಾಠಿ, ನನ್ನೊಡನೆ ತಮ್ಮ ಮಂಗಳೂರು ಕಡೆಯ ಕನ್ನಡ. ಮೂರರಲ್ಲೂ ಮಾತಿನ ಕೊನೆಗೊಂದು "ಆಯ್ತಾ" ಎಂದು ಮೊಳೆ ಹೊಡೆದು ಮುಗಿಸುವುದು ಅವರ ರೂಢಿ. ಆಮೇಲೆ ಯಾರೂ ವಾದ ಹೂಡುವಂತಿಲ್ಲ. ಸಣ್ಣ ವಯಸ್ಸಿನಲ್ಲೇ ಕಾರ್ಕಳದ ಹತ್ತಿರದ ಊರು ಬಿಟ್ಟು ಮುಂಬಯಿಯ ಹೋಟೆಲುಗಳ ಒದ್ದೆ ನೆಲದ ಮೇಲೆ ಬೆಳೆದವರಾದ್ದರಿಂದ ಪಾದ ಎತ್ತಿ ನಡೆಯುವುದು ಅವರಿಗೆ ಗೊತ್ತಿಲ್ಲ. ಜಾರದಂತೆ ಹೆಜ್ಜೆಯನ್ನು ನೆಲಕ್ಕೆ ಒತ್ತಿ ಸರಿಸುತ್ತಾರೆ, ಒಣಗಿದ ರಸ್ತೆಯ ಮೇಲೂ ಹಾಗೆಯೇ. ಪುಣೆಯ ಚಳಿಗಾಲ ಬಂತೆಂದರೆ ಕಂದು ಬಣ್ಣದ ತೋಳಿಲ್ಲದ ಸ್ವೆಟರೊಂದು ಮೈಗೇರುತ್ತದೆ, ಅದು ಇಳಿಯುವುದು ಹೆಂಡತಿ ಕಸಿದು ಒಗೆಯಲು ಹಾಕಿದಾಗ ಮಾತ್ರ.

ಈ ಮನುಷ್ಯನ ನಾಲಿಗೆಯ ಬಗ್ಗೆ ಕತೆಗಳಿದ್ದವು. ತೊಗರಿಬೇಳೆಯ ಅಂಗಡಿ ಬದಲಾದದ್ದನ್ನು ಒಂದೇ ಹನಿಯಲ್ಲಿ ಹೇಳುತ್ತಿದ್ದರು. ಒಮ್ಮೆ ಶಾಲೆಯ ಮೇಷ್ಟ್ರೊಬ್ಬರು ಸಾಂಬಾರು ಸಪ್ಪೆಯೆಂದು ಬಟ್ಟಲನ್ನು ಹಿಂದಕ್ಕೆ ಕಳಿಸಿದರಂತೆ. ಹರಿಶ್ಚಂದ್ರರು ಹೆಜ್ಜೆ ಸರಿಸುತ್ತ ಹೊರಗೆ ಬಂದು, ಸಾಂಬಾರನ್ನು ಬಿಟ್ಟು ಮೇಷ್ಟ್ರ ಮುಖವನ್ನೇ ನೋಡಿ, ಈಚೆಗೆ ಜ್ವರ ಬಂದಿತ್ತೇ ಎಂದು ವಿಚಾರಿಸಿದರು. ಬಂದಿತ್ತು. "ಹಾಗಾದರೆ ಸಾಂಬಾರು ಸರಿ ಉಂಟು, ನಿಮ್ಮ ನಾಲಿಗೆ ಇನ್ನೂ ರಜೆಯಲ್ಲಿ ಉಂಟು" ಎಂದು ಹೇಳಿ ಶುಂಠಿ ಕಷಾಯ ಕುಡಿಸಿ ಕಳಿಸಿದರು. ಈ ಪ್ರಸಂಗವನ್ನು ನನಗೆ ಎಷ್ಟೋ ಸಲ ಹೇಳಿದ್ದಾರೆ. "ಮೈಯಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ ಮೊದಲು ಸುಳ್ಳು ಹೇಳುವುದು ನಾಲಿಗೆ, ಆಯ್ತಾ" ಎಂಬುದು ಅದರ ಸಾರ. ತಮಗೂ ಒಂದು ಮೈಯಿದೆ ಎಂಬುದು ಮಾತ್ರ ಅವರ ಲೆಕ್ಕದಲ್ಲಿ ಇರಲಿಲ್ಲ.

ಮೈಯ ವಿಚಾರ ಅವರ ಮನೆಗೆ ಹೊಸತೇನೂ ಅಲ್ಲ. ಹೆಂಡತಿ ಉಮಾವತಿಯವರಿಗೆ ಬಹಳ ವರ್ಷಗಳಿಂದ ಥೈರಾಯ್ಡು. ಬೆಳಿಗ್ಗೆ ಎದ್ದೊಡನೆ ಬರಿಹೊಟ್ಟೆಯಲ್ಲಿ ಗುಳಿಗೆ ನುಂಗಿ, ಕಾಫಿಗಾಗಿ ಗಡಿಯಾರ ನೋಡುತ್ತ ಕೂರುವುದು ಅವರ ದಿನದ ಮೊದಲ ಕೆಲಸ. ಕುತ್ತಿಗೆಯೊಳಗಿನ ಒಂದು ಸಣ್ಣ ಗ್ರಂಥಿ ಸೋಮಾರಿಯಾದರೆ ಇಡೀ ಶರೀರದ ಬೆಂಕಿ ಸಣ್ಣಗಾಗುತ್ತದೆ, ಮೈ ಊದುತ್ತದೆ, ಚಳಿಯಾಗುತ್ತದೆ, ಮನಸ್ಸು ಮಂಕಾಗುತ್ತದೆ ಎಂಬುದನ್ನು ಹರಿಶ್ಚಂದ್ರರು ಹೆಂಡತಿಯ ಮೂಲಕ ನೋಡಿ ತಿಳಿದಿದ್ದರು. ತಿಳಿದು ಅವರು ಕಂಡುಕೊಂಡ ಸಿದ್ಧಾಂತವೆಂದರೆ, ಗ್ರಂಥಿ ಎಂಬುದು ಹೆಂಗಸರಿಗೆ ಇರುವ ಅಂಗ. ಗಂಡಸಿಗೆ ಬಂದರೆ ಗ್ಯಾಸು, ತಪ್ಪಿದರೆ ಸಕ್ಕರೆ. ಇವೆರಡನ್ನು ಬಿಟ್ಟು ಮೂರನೆಯದು ಅವನಿಗೆ ಬರುವುದಿಲ್ಲ ಎಂದು ಅವರು ಗಂಭೀರವಾಗಿಯೇ ನಂಬಿದ್ದರು.

ಒಂದು ಮಳೆಗಾಲದ ಹೊತ್ತಿಗೆ ಅವರ ಬಣ್ಣ ಇನ್ನೂ ಕಪ್ಪಾಗತೊಡಗಿತು. ಮೊದಲೇ ಎಣ್ಣೆಗಪ್ಪು, ಈಗ ಬೆರಳ ಗೆಣ್ಣುಗಳು, ಮೊಣಕೈ, ಅಂಗೈಯ ಗೆರೆಗಳು ಮಸಿ ಹಿಡಿದ ಹಾಗೆ ಕಂಡವು. ಒಲೆಯ ಮುಂದಿನ ಜನ್ಮ ಎಂದು ಅವರೂ ನಕ್ಕರು, ನಾವೂ ನಕ್ಕೆವು. ಮೈ ಇಳಿಯಿತು, ಊಟ ಸೇರುತ್ತಿರಲಿಲ್ಲ. ಕೂತವರು ಎದ್ದರೆ ಒಂದು ಕ್ಷಣ ಗೋಡೆ ಹಿಡಿದು ನಿಲ್ಲುತ್ತಿದ್ದರು. ಊರಿನಿಂದ ಬರುವ, ಉಪ್ಪುನೀರಿನಲ್ಲಿ ಹಾಕಿಟ್ಟ ಮಾವಿನ ಮಿಡಿಯನ್ನು ಬಿಟ್ಟು ಆ ನೀರನ್ನೇ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುವುದನ್ನು ಉಮಾವತಿಯವರು ಕಂಡರು. ಬಾಯಿ ಕೆಟ್ಟಿರಬೇಕು ಎಂದುಕೊಂಡು ಸುಮ್ಮನಾದರು.

ಸಾಂಬಾರು ಕೆಡುತ್ತಿರುವುದನ್ನು ಮೊದಲು ಗಮನಿಸಿದವನು ಅವ್ವಣ್ಣ. ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು, ಅದು ಸಾಕಾಗಿ ಈ ಹೋಟೆಲಿನ ಅಡಿಗೆಮನೆ ಸೇರಿದ್ದ ನಡುವಯಸ್ಸಿನ ಆಳು. ಅವನು ಮಾಲೀಕರಿಗೆ ಹೇಳಲಿಲ್ಲ. ಹೇಳುವ ಕಾನೂನು ಅಲ್ಲಿರಲಿಲ್ಲ. ಉಮಾವತಿಯವರ ಬಳಿ ಬಂದು, "ಅಕ್ಕಾರ, ಸಾಂಬಾರ ಭಾಳ ಉಪ್ಪಾಗ್ಯದರಿ. ಮಾಲಕ್ರಿಗೆ ನಾ ಹ್ಯಾಂಗ ಹೇಳ್ಲಿ?" ಎಂದ.

"ಅವರಿಗೆ ಹೇಳುವುದು ಬೇಡ ಮಾರಾಯ. ನಾನು ನೋಡ್ತೇನೆ" ಎಂದರು ಉಮಾವತಿ.

ಅಲ್ಲಿಂದ ಶುರುವಾಯಿತು ಆ ಅಡಿಗೆಮನೆಯ ಮೆತ್ತನೆಯ ಪಿತೂರಿ. ಹರಿಶ್ಚಂದ್ರರು ರುಚಿ ನೋಡಿ, ಉಪ್ಪು ಹಾಕಿ, ಗದ್ದ ಎತ್ತಿ, ಚಹಾ ಕುಡಿಯಲು ಹೊರಗೆ ಹೋದರೋ ಇಲ್ಲವೋ, ಬಾಗಿಲ ಹಿಂದೆ ಇಟ್ಟಿದ್ದ ಉಪ್ಪಿಲ್ಲದ ಬೇಳೆಯ ಕಟ್ಟು ಸಾಂಬಾರಿಗೆ ಬೀಳುತ್ತಿತ್ತು. ಮೊದಮೊದಲು ಒಂದೆರಡು ಸೌಟು ಸಾಕಾಗುತ್ತಿತ್ತು. ಬರಬರುತ್ತ ಪಾತ್ರೆಗಟ್ಟಲೆ ಸುರಿಯಬೇಕಾಯಿತು. ದುಡ್ಡು ಎಣಿಸುತ್ತ ಗಲ್ಲೆಯಲ್ಲಿ ಕೂರುವ ಮಗ ಚೇತನನಿಗೂ ಗೊತ್ತಿತ್ತು. ಗಂಡನ ಹೆಸರು ಕೆಡಬಾರದು, ಅವರ ಮನಸ್ಸು ನೋಯಬಾರದು ಎಂಬುದೊಂದೇ ಉಮಾವತಿಯವರ ಇರಾದೆ. ಹೋಟೆಲು ಎಂದಿನಂತೆ ನಡೆಯಿತು, ನಾವು ಗಿರಾಕಿಗಳು ಎಂದಿನಂತೆ ತಿಂದೆವು, ಹರಿಶ್ಚಂದ್ರರು ದಿನದಿಂದ ದಿನಕ್ಕೆ ಸಣ್ಣಗಾದರು.

ಒಂದು ಭಾನುವಾರ ಉಮಾವತಿಯವರು ವಾಕಡದಲ್ಲಿರುವ ತಂಗಿಯ ಮನೆಗೆ ನಾಮಕರಣಕ್ಕೆ ಹೋದರು. ಅವರಿಲ್ಲದೆ ಬೇಳೆಕಟ್ಟು ಸುರಿಯುವ ಧೈರ್ಯ ಅವ್ವಣ್ಣನಿಗೆ ಬರಲಿಲ್ಲ. ಹರಿಶ್ಚಂದ್ರರ ಕೈಯ ಸಾಂಬಾರು, ಯಾರೂ ತಿದ್ದದ ಸಾಂಬಾರು, ಬಹಳ ದಿನಗಳ ಮೇಲೆ ಇದ್ದ ಹಾಗೆಯೇ ಮೇಜುಗಳಿಗೆ ಹೋಯಿತು. ಹೋದ ಬಟ್ಟಲುಗಳು ತುಂಬಿದ ಹಾಗೆಯೇ ಹಿಂದಕ್ಕೆ ಬಂದವು. ಸಮುದ್ರದ ನೀರು ಬಡಿಸಿದ್ದಾರೆ ಎಂದು ಗಿರಾಕಿ ಯಾರೋ ಇಂಟರ್ನೆಟ್ಟಿನಲ್ಲಿ ಬರೆದದ್ದನ್ನು ಚೇತನ ಫೋನಿನಲ್ಲಿ ತೋರಿಸಿ, "ಪಪ್ಪ, ಇವತ್ತು ಭಾರಿ ಉಪ್ಪಾಗಿದೆ" ಎಂದ. ಅಪ್ಪನ ಎದುರು ಆ ಮಾತನ್ನು ಅವನು ಆಡಿದ್ದು ಅದೇ ಮೊದಲು.

ಹರಿಶ್ಚಂದ್ರರು ಕೂಗಾಡಲಿಲ್ಲ. ಹಿಂದಕ್ಕೆ ಬಂದ ಬಟ್ಟಲೊಂದರಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಕಣ್ಣು ಮುಚ್ಚಿ ನಿಂತರು. ಆ ಹೊತ್ತಿನ ಬಗ್ಗೆ ಆಮೇಲೆ ನನಗೆ ಹೇಳಿದ್ದು ಇಷ್ಟೇ: "ನನಗೆ ಅದು ಸರಿಯೇ ಇತ್ತು. ಅದೇ ಹೆದರಿಕೆ ಆದದ್ದು." ಓದು ಬರಹ ಹೆಚ್ಚಿಲ್ಲದೆ, ಕೈಯಲ್ಲಿ ಬೇರೆ ಬಂಡವಾಳವಿಲ್ಲದೆ, ನಾಲಿಗೆಯೊಂದನ್ನೇ ನಂಬಿ ಪರ ಊರಿನಲ್ಲಿ ಹೋಟೆಲು ಕಟ್ಟಿದವರು ಅವರು. ಆ ನಾಲಿಗೆ ಹೋಯಿತೆಂದರೆ ಭರಣಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಗಲ್ಲೆಯ ಪಕ್ಕ ಕುರ್ಚಿ ಹಾಕಿಕೊಂಡು, ಬಂದವರಿಗೆ ನಮಸ್ಕಾರ ಮಾಡುತ್ತ ಕೂರಬೇಕು. ಹಾಗೆ ಕೂತ ಹಿರಿಯರನ್ನು ಎಷ್ಟೋ ಹೋಟೆಲುಗಳಲ್ಲಿ ಅವರು ಕಂಡಿದ್ದರು, ಮರುಕಪಟ್ಟಿದ್ದರು.

ಆಗ ಅವರು ಮಾಡಿದ ಕೆಲಸವನ್ನು ಅಡಿಗೆಯವರಲ್ಲದೆ ಮತ್ತಾರೂ ಮಾಡುತ್ತಿರಲಿಲ್ಲ. ಮುಂಬಯಿಯಲ್ಲಿ ಅವರಿಗೆ ಸೌಟು ಹಿಡಿಯಲು ಕಲಿಸಿದ ಐತಪ್ಪ ಎಂಬ ಹಿರಿಯ ಅಡಿಗೆಯವರ ಕಟ್ಟಳೆಯೊಂದಿತ್ತು: ಕೈ ಉಪ್ಪಾಗತೊಡಗಿದರೆ ನಾಲಿಗೆ ಉಪ್ಪಿಗೆ ಒಗ್ಗಿಹೋಗಿದೆ ಎಂದರ್ಥ, ಕೆಲವು ದಿನ ಉಪ್ಪನ್ನು ಪೂರ್ತಿ ಬಿಟ್ಟರೆ ಅದು ತಾನಾಗಿ ಹದಕ್ಕೆ ಬರುತ್ತದೆ. ಕಟ್ಟಳೆಯಲ್ಲಿ ಹುರುಳಿಲ್ಲದೆ ಇಲ್ಲ. ಆರೋಗ್ಯವಂತನಾದ ಅಡಿಗೆಯವನ ನಾಲಿಗೆ ಹಾಗೆಯೇ ಚುರುಕಾಗುತ್ತದೆ. ಹರಿಶ್ಚಂದ್ರರು ಮರುದಿನದಿಂದಲೇ ಉಪ್ಪು ಬಿಟ್ಟರು. ಉಪ್ಪಿಲ್ಲದ ಗಂಜಿ, ಉಪ್ಪಿಲ್ಲದ ಬೇಯಿಸಿದ ಕುಂಬಳಕಾಯಿ. ಮಿಡಿಯ ಭರಣಿಯನ್ನು ತಾವೇ ಅಟ್ಟಕ್ಕೆ ಏರಿಸಿದರು. ಉಮಾವತಿಯವರಿಗಂತೂ ನೆಮ್ಮದಿ. ಉಪ್ಪು ಕಡಿಮೆ ಮಾಡಿ ಎಂದು ಊರಿನ ಡಾಕ್ಟರುಗಳೆಲ್ಲ ಹೇಳುತ್ತಿರುವಾಗ ಇದರಿಂದ ಕೆಡುಕೇನು ಬಂದೀತು ಎಂದು ಮನೆಯವರೆಲ್ಲ ಅವರ ಬೆನ್ನಿಗೆ ನಿಂತರು.

ಆ ವಾರ ಕಳೆಯುವುದರೊಳಗೆ, ಬೆಳಗಿನ ಮೊದಲ ಇಡ್ಲಿ ಇನ್ನೂ ಹಬೆಯಲ್ಲಿರುವಾಗ, ಬಿದ್ದ ಸೌಟನ್ನು ಎತ್ತಲು ಬಗ್ಗಿದವರು ಮೇಲೇಳಲಿಲ್ಲ. ಅವ್ವಣ್ಣ ತೋಳಲ್ಲಿ ಹಿಡಿದುಕೊಳ್ಳದಿದ್ದರೆ ತಲೆ ಒಲೆಗೆ ಬಡಿಯುತ್ತಿತ್ತು. ಆಸ್ಪತ್ರೆ ಮುಟ್ಟುವಾಗ ನಾಡಿ ಕೈಗೆ ಸಿಗುವುದೇ ಕಷ್ಟವಾಗಿತ್ತು. ರಕ್ತದೊತ್ತಡ ಇಳಿದು ಪಾತಾಳ ಸೇರಿತ್ತು. ಉಳಿಯುವುದು ಖಾತ್ರಿಯಿಲ್ಲ ಎಂದು ಅಲ್ಲಿಯವರು ಚೇತನನಿಗೆ ಮುಚ್ಚುಮರೆಯಿಲ್ಲದೆ ಹೇಳಿದರು.

ಅಲ್ಲಿ ಗ್ರಂಥಿಗಳ ಕಾಯಿಲೆ ನೋಡುವ ಡಾಕ್ಟರು ಮಂಜರಿ ಎಂಬವರು, ಬೆಳಗಾವಿಯ ಹೆಣ್ಣುಮಗಳು. ಅವರು ರೋಗಿಯ ಬಾಯಿ ಬಿಡಿಸಿ ಒಸಡು ನೋಡಿದರು, ಕಪ್ಪು. ಬಲ ಅಂಗೈ ಬಿಡಿಸಿ ಗೆರೆ ನೋಡಿದರು, ಕಪ್ಪು. ಅದೇ ಅಂಗೈಯನ್ನು ನಾವು ದಿನವೂ ಬೆಳಿಗ್ಗೆ ನೋಡುತ್ತಿದ್ದೆವು.

"ಉಪ್ಪು ಭಾಳ ತಿಂತಾರೇನ್ರಿ ಇವರು?" ಎಂದು ಉಮಾವತಿಯವರನ್ನು ಕೇಳಿದರು.

"ತಿಂತಿದ್ರು ಡಾಕ್ಟ್ರೇ. ಉಪ್ಪುನೀರನ್ನೇ ಕುಡೀತಿದ್ರು. ಈಗ ಪೂರ್ತಿ ಬಿಟ್ಟಿದ್ದಾರೆ" ಎಂದರು ಉಮಾವತಿ, ಒಳ್ಳೆಯ ಸುದ್ದಿ ಹೇಳುವವರ ಹಾಗೆ.

ಡಾಕ್ಟರು ಮುಂದಿನ ಪ್ರಶ್ನೆ ಕೇಳಲಿಲ್ಲ. ಪರೀಕ್ಷೆಗೆ ರಕ್ತ ತೆಗೆಸಿ, ಫಲಿತಾಂಶಕ್ಕೆ ಕಾಯದೆ, ಸಲೈನು ಏರಿಸಿ ನರಕ್ಕೆ ಇಂಜೆಕ್ಷನ್ ಕೊಟ್ಟರು. ಸಂಜೆಯೊಳಗೆ ಹರಿಶ್ಚಂದ್ರರು ಕಣ್ಣು ಬಿಟ್ಟು, ತಿಂಡಿಯ ಹೊತ್ತು ಯಾರು ನೋಡಿಕೊಂಡರು ಎಂದು ವಿಚಾರಿಸಿದರು.

ಪರೀಕ್ಷೆಯ ಫಲಿತಾಂಶ ಡಾಕ್ಟರ ಸಂಶಯವನ್ನೇ ಹೇಳಿತು. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆ ಇಟ್ಟ ಹಾಗೆ ಒಂದೊಂದು ಗ್ರಂಥಿಯಿದೆ. ಅಡ್ರಿನಲ್ ಎಂದು ಅದರ ಹೆಸರು. ಅದಕ್ಕೆ ನಾಳವಿಲ್ಲ, ಕೊಳವೆಯಿಲ್ಲ. ತನ್ನ ರಸವನ್ನು ನೇರವಾಗಿ ರಕ್ತಕ್ಕೆ ಬಿಡುತ್ತದೆ, ರಕ್ತ ಅದನ್ನು ಹೊತ್ತು ಮುಟ್ಟಬೇಕಾದಲ್ಲಿಗೆ ಮುಟ್ಟಿಸುತ್ತದೆ. ಎಷ್ಟು ಉಪ್ಪನ್ನು ಮೈಯಲ್ಲಿ ಉಳಿಸಿಕೊಳ್ಳಬೇಕು, ಎಷ್ಟನ್ನು ಮೂತ್ರದಲ್ಲಿ ಬಿಡಬೇಕು ಎಂದು ಮೂತ್ರಪಿಂಡಕ್ಕೆ ಹೇಳುವುದು ಆ ರಸಗಳಲ್ಲೊಂದು. ಜ್ವರವೋ ಗಾಯವೋ ಭಯವೋ ಬಂದಾಗ ರಕ್ತದೊತ್ತಡ ಬೀಳದಂತೆ, ಸಕ್ಕರೆ ಇಳಿಯದಂತೆ ಆನಿಸಿ ಹಿಡಿಯುವುದು ಇನ್ನೊಂದು. ಹರಿಶ್ಚಂದ್ರರ ಗ್ರಂಥಿಗಳನ್ನು ಅವರ ಮೈಯ ಕಾವಲು ಪಡೆಯೇ ಶತ್ರುವೆಂದು ಬಗೆದು ಸವೆಸಿಹಾಕಿತ್ತು. ಹೇಳುವವರಿಲ್ಲದೆ ಮೂತ್ರಪಿಂಡ ಉಪ್ಪನ್ನು ಹೊರಗೆ ಸುರಿಯುತ್ತಲೇ ಇತ್ತು. ಸೋರುವ ಮೈಗೆ ಬಾಯಿಯಿಂದ ಉಪ್ಪು ತುಂಬಿಸುತ್ತ ಅವರು ಹೇಗೋ ನಿಂತಿದ್ದರು; ಅದನ್ನೂ ನಿಲ್ಲಿಸಿದಾಗ ಬಿದ್ದರು.

ಬಣ್ಣ ಕಪ್ಪಾದ ಕಾರಣವನ್ನು ಹರಿಶ್ಚಂದ್ರರು ತಮ್ಮದೇ ಭಾಷೆಯಲ್ಲಿ ನನಗೆ ತಿಳಿಸಿದರು. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿಯೊಂದಿದೆ, ಪಿಟ್ಯುಟರಿ. ಅದು ಗಲ್ಲೆಯಲ್ಲಿ ಕೂತವನ ಹಾಗೆ ಒಳಗೆ ಆರ್ಡರು ಕೂಗುತ್ತದೆ. ಒಳಗಿನಿಂದ ಮಾಲು ಬಂದರೆ ಸುಮ್ಮನಾಗುತ್ತದೆ. ಇವರಲ್ಲಿ ಮಾಲು ಬರಲೇ ಇಲ್ಲ. ಅದು ಕೂಗಿತು, ಮತ್ತೂ ಜೋರಾಗಿ ಕೂಗಿತು. ಕೂಗು ತನಗೇ ಇರಬೇಕೆಂದುಕೊಂಡು ಚರ್ಮ ಕಪ್ಪಾಗುತ್ತ ಹೋಯಿತು. ಡಾಕ್ಟರು ಹೇಳಿದ್ದರಲ್ಲಿ ಇದಿಷ್ಟನ್ನೂ ಅವರು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಆದರೆ ಅವರ ಮನಸ್ಸಿನಲ್ಲಿದ್ದ ಪ್ರಶ್ನೆ ಬೇರೆ.

"ನನ್ನ ನಾಲಿಗೆ ಸುಳ್ಳು ಹೇಳಿತಲ್ಲ ಡಾಕ್ಟ್ರೇ, ಇನ್ನು ಅದನ್ನು ನಂಬುವುದು ಹೇಗೆ?"

ಡಾಕ್ಟರ ಉತ್ತರ ಚೇತನನಿಗೆ ಬಾಯಿಪಾಠವಾಗಿದೆ. "ಸುಳ್ಳು ಹೇಳಿಲ್ರಿ ಅದು. ನೀವು ಸಾಂಬಾರದ ಬಗ್ಗೆ ಕೇಳಿದ್ರಿ, ಅದು ಮೈ ಬಗ್ಗೆ ಹೇಳ್ತು. ಗುಳಿಗಿ ತಗೋರಿ, ಮತ್ತ ಸಾಂಬಾರದ ಬಗ್ಗೆ ಹೇಳ್ತದ."

ಹೇಳಿತು ಕೂಡ. ಗ್ರಂಥಿಯ ರಸಕ್ಕೆ ಬದಲಾಗಿ ಗುಳಿಗೆ ಬಂತು: ಬೆಳಿಗ್ಗೆ ಹೆಚ್ಚು, ಆಮೇಲೆ ಕಡಿಮೆ, ಏಕೆಂದರೆ ಆ ಗ್ರಂಥಿಯೂ ಬೆಳಗಿನ ಹೊತ್ತಿಗೇ ಹೆಚ್ಚು ರಸ ಬಿಡುತ್ತದೆ. ಅದಕ್ಕೂ ತಿಂಡಿಯ ಗದ್ದಲ ಗೊತ್ತುಂಟು ಎಂದು ಹರಿಶ್ಚಂದ್ರರಿಗೆ ಅದರ ಮೇಲೆ ಅಭಿಮಾನ ಹುಟ್ಟಿತು. ಉಪ್ಪಿನ ಹಪಾಹಪಿ ಇಳಿಯಿತು, ಮೈ ತುಂಬಿತು, ಅಂಗೈ ತಿಳಿಯಾಯಿತು. ಡಾಕ್ಟರು ಒಪ್ಪಿಗೆ ಕೊಟ್ಟ ದಿನವೇ ಸ್ವೆಟರು ತೊಟ್ಟು, ಹೆಜ್ಜೆ ಸರಿಸುತ್ತ ಅಡಿಗೆಮನೆ ಹೊಕ್ಕು, ನೆಕ್ಕಿ, ಉಪ್ಪು ಹಾಕಿ, ಗದ್ದ ಎತ್ತಿದರು.

ಅಂದು ಮೊದಲ ಗಿರಾಕಿಯೇ ಸಾಂಬಾರು ಸಪ್ಪೆಯೆಂದ. ಎರಡನೆಯವನೂ ಅಂದ. ಹರಿಶ್ಚಂದ್ರರು ಅವನ ಬಟ್ಟಲಿನಿಂದಲೇ ಅಂಗೈಗೆ ಬಿಟ್ಟುಕೊಂಡು ನೋಡಿದರು. ಅದು ಅವರು ಹದ ಮಾಡಿದ ಸಾಂಬಾರಾಗಿರಲಿಲ್ಲ. ಒಳಗೆ ಹೋದರೆ ಅವ್ವಣ್ಣ ಬೇಳೆಕಟ್ಟಿನ ಪಾತ್ರೆ ಹಿಡಿದು ನಿಂತಿದ್ದ, ಪಕ್ಕದಲ್ಲಿ ಉಮಾವತಿಯವರಿದ್ದರು. ಡಾಕ್ಟರು ಏನೇ ಹೇಳಲಿ, ಆ ನಾಲಿಗೆಯನ್ನು ಮತ್ತೆ ನಂಬಲು ಅಡಿಗೆಮನೆಗೆ ಧೈರ್ಯ ಬಂದಿರಲಿಲ್ಲ.

ಇಷ್ಟು ದಿನ ತಮಗೆ ಗೊತ್ತಿಲ್ಲದೆ ನಡೆದದ್ದೆಲ್ಲ ಒಂದೇ ಸಲಕ್ಕೆ ಅವರಿಗೆ ಹೊಳೆಯಿತು. ಅಕ್ಕಿ ಮೂಟೆಯ ಮೇಲೆ ಕೂತರು. ನಾನು ಬಾಗಿಲಲ್ಲೇ ಇದ್ದೆ. ಸರಿದುಹೋಗಬೇಕಾಗಿತ್ತು, ಹೋಗಲಿಲ್ಲ.

"ಎಷ್ಟು ಸಮಯದಿಂದ?" ಎಂದು ಕೇಳಿದರು. ನಾನಿದ್ದೆನೆಂದೋ ಅವ್ವಣ್ಣನಿಗೂ ತಿಳಿಯಲೆಂದೋ, ಮಾತು ಕನ್ನಡದಲ್ಲೇ ಇತ್ತು.

"ಮಳೆಗಾಲದಿಂದ" ಎಂದರು ಉಮಾವತಿ. "ನಿಮಗೆ ಬೇಜಾರಾಗ್ತದೆ ಅಂತ ಹೇಳಲಿಲ್ಲ. ಹೇಳಿದ್ದರೆ ನೀವು ಬೈತಿದ್ರಿ."

"ಹೌದು, ಬೈತಿದ್ದೆ. ನೀನು ಬೈಸಿಕೊಳ್ಳಬೇಕಿತ್ತು ಉಮಾ. ನನ್ನ ಮೈ ಕೆಟ್ಟದ್ದು ಆವಾಗಲೇ ಗೊತ್ತಾಗ್ತಿತ್ತು. ನಾನು ಸಾಯುವವರೆಗೆ ಹೋಗ್ತಿರಲಿಲ್ಲ."

ಉಮಾವತಿಯವರು ಅಳಲಿಲ್ಲ. "ನಿಮ್ಮ ಉಪ್ಪು ತಪ್ಪಿದೆ ಅಂತ ಹೇಳಲಿಕ್ಕೆ ಇಷ್ಟು ವರ್ಷದಲ್ಲಿ ನೀವು ಯಾರನ್ನು ಬಿಟ್ಟಿದ್ರಿ?" ಎಂದರು.

ಮಾತಿನ ಕೊನೆಗೆ ಹೊಡೆಯುವ ಮೊಳೆ ಅಂದು ಹರಿಶ್ಚಂದ್ರರಿಗೆ ಸಿಗಲಿಲ್ಲ. ಮೂಟೆಯಿಂದ ಎದ್ದು, ಸೌಟಿನಲ್ಲಿ ಸಾಂಬಾರು ತೆಗೆದು ಅವ್ವಣ್ಣನ ಕಡೆಗೆ ಚಾಚಿದರು.

ಈಗ ಅಲ್ಲಿ ಇಬ್ಬರು ರುಚಿ ನೋಡುತ್ತಾರೆ. ಮೊದಲು ಹರಿಶ್ಚಂದ್ರರು, ಆಮೇಲೆ ಅವ್ವಣ್ಣ ಅಥವಾ ಉಮಾವತಿ. ಆರಂಭದಲ್ಲಿ ಅವ್ವಣ್ಣ ಬಾಯಿಗೆ ಹಾಕಿಕೊಳ್ಳುವ ಮೊದಲೇ "ಚಲೋ ಅದರಿ" ಎಂದುಬಿಡುತ್ತಿದ್ದ, ಅದಕ್ಕೂ ಬೈಸಿಕೊಂಡ. ಒಂದು ದಿನ ನೆಲ ನೋಡುತ್ತ, "ಸ್ವಲ್ಪ ಕಡಿಮಿ ಅನಸ್ತದರಿ" ಎಂದ. ಹರಿಶ್ಚಂದ್ರರ ಮುಖ ಗಂಟಾಯಿತು, ಆದರೆ ಕೈ ಭರಣಿಗೆ ಹೋಯಿತು. ಅದನ್ನು ನುಂಗಿಕೊಳ್ಳುವುದು ದಿನದ ಗುಳಿಗೆಗಳಿಗಿಂತ ಕಷ್ಟ ಎಂದು ಅವರೇ ಹೇಳುತ್ತಾರೆ. ಜ್ವರ ಬಂದರೆ ಆರೋಗ್ಯವಂತರ ಗ್ರಂಥಿ ತಾನಾಗಿಯೇ ರಸವನ್ನು ಹೆಚ್ಚಿಸುತ್ತದೆ. ಇವರು ನೆನಪಿಟ್ಟು ಗುಳಿಗೆಯನ್ನು ಇಮ್ಮಡಿ ಮಾಡಿಕೊಳ್ಳಬೇಕು. ಮೈ ಬಿಸಿಯಾಗಿದೆಯೇ ಎಂದು ತಿಳಿಯಲು ಈಗ ಹೆಂಡತಿಯ ಮುಂದೆ ಹಣೆ ಚಾಚುತ್ತಾರೆ. ತಮ್ಮ ಅಂದಾಜಿಗೆ ಬಿಡುವುದಿಲ್ಲ.

ಹರಿಶ್ಚಂದ್ರರಂಥವರು ಹೋಟೆಲುಗಳಲ್ಲಿ ಮಾತ್ರ ಇರುವವರಲ್ಲ. ಮನೆಗೊಬ್ಬರು, ಕಚೇರಿಗೊಬ್ಬರು ಇದ್ದೇ ಇರುತ್ತಾರೆ. ಕೈಹಿಡಿದ ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ. ಆ ನೆಮ್ಮದಿಯಲ್ಲೇ ಅವರು ಎದುರಾಡುವ ಬಾಯಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿಸಿರುತ್ತಾರೆ. ನಾವು ಅವರ ತಪ್ಪನ್ನು ಬೆನ್ನ ಹಿಂದೆ ತಿದ್ದಿ, ಅದಕ್ಕೆ ಗೌರವವೆಂದು ಹೆಸರಿಟ್ಟುಕೊಂಡು, ಒಳ್ಳೆಯದನ್ನೇ ಮಾಡಿದೆವೆಂದು ನಿದ್ದೆ ಮಾಡುತ್ತೇವೆ. ಮೈಗೆ ಈ ದಾಕ್ಷಿಣ್ಯ ತಿಳಿಯದು. ಹರಿಶ್ಚಂದ್ರರ ತಲೆಯೊಳಗೆ ಕಡಲೆಕಾಳಿನಷ್ಟಿರುವ ಒಂದು ಗ್ರಂಥಿ, ಚರ್ಮ ಕಪ್ಪಾಗುವಷ್ಟು ಜೋರಾಗಿ, ತಿಂಗಳುಗಟ್ಟಲೆ ಕೂಗುತ್ತಿತ್ತು. ಹೊರಗೆ, ಅವರನ್ನು ಪ್ರೀತಿಸುವವರೆಲ್ಲ ಸುಮ್ಮನಿದ್ದರು.